ಹೆನ್ರಿ ಫೋರ್ಡ್ ಮತ್ತು ಆರು ಸೆಂಟಿನ ತೀರ್ಪು

ಕಾರುಗಳ ಬಗ್ಗೆ ಬರೆಯುವವರು ಯಾರೇ ಆಗಲಿ, ಪೇಪರಿನ ವಾರದ ಪುರವಣಿ ಇರಲಿ, ಯೂಟ್ಯೂಬ್ ಚಾನೆಲ್ ಇರಲಿ, ಹೆನ್ರಿ ಫೋರ್ಡ್ ಹೆಸರು ಬಂತು ಅಂದ್ರೆ ನಾಲ್ಕು ಮಾತು ತಪ್ಪದೆ ಬರುತ್ತವೆ. ಕಾರನ್ನು ಕಂಡುಹಿಡಿದವನು ಅವನು. ಅಸೆಂಬ್ಲಿ ಲೈನ್ ಕಂಡುಹಿಡಿದವನೂ ಅವನೇ. ಅವನ ಮಾಡೆಲ್ ಟಿ ಕಾರು ಕಪ್ಪು ಬಣ್ಣದಲ್ಲಿ ಮಾತ್ರ ಸಿಗ್ತಿತ್ತು. ಕೆಲಸಗಾರರೂ ತನ್ನ ಕಾರು ಕೊಳ್ಳಲಿ ಅಂತ ಸಂಬಳ ಡಬಲ್ ಮಾಡಿದ. ಇದರ ಜೊತೆಗೆ ಕುದುರೆಯ ಬಗ್ಗೆ ಅವನು ಹೇಳಿದ್ದು ಅನ್ನೋ ಒಂದು ಡೈಲಾಗ್ ಬೇರೆ. ಯಾವ ಕಾಲೇಜಿನ ಸ್ಟಾರ್ಟಪ್ ಪಿಪಿಟಿ ತೆಗೆದರೂ ಎರಡನೇ ಸ್ಲೈಡಿನಲ್ಲಿ ಅದು ಇದ್ದೇ ಇರುತ್ತದೆ. ಮೊದಲ ಎರಡು ಮಾತು ತಪ್ಪು. ಆಮೇಲಿನ ಎರಡು ಅರ್ಧ ಮಾತ್ರ ಸರಿ. ಕುದುರೆಯ ಮಾತಿಗಂತೂ ಅವನು ಬದುಕಿದ್ದಾಗಿನ ಒಂದು ಸಾಕ್ಷಿಯನ್ನೂ ಯಾರೂ ತೋರಿಸಿಲ್ಲ. ಅದು ಅವನ ಹೆಸರಿನಲ್ಲಿ ಓಡಾಡತೊಡಗಿದ್ದು ಅವನು ಸತ್ತು ಐವತ್ತು ವರ್ಷ ಕಳೆದ ಮೇಲೆ.

ಇಷ್ಟನ್ನು ಸರಿಪಡಿಸಿದರೆ ಲೇಖನ ಒಂದು ಪುಟಕ್ಕೆ ಮುಗಿಯುತ್ತಿತ್ತು. ಆದರೆ ಅವನ ಬದುಕನ್ನು ಓದ್ತಾ ಹೋದ ಹಾಗೆ ನಮಗೆ ಇದಕ್ಕಿಂತ ದೊಡ್ಡ ವಿಷಯ ಸಿಕ್ಕಿತು. ಪತ್ರಿಕೆಯೊಂದು ತನ್ನ ಬಗ್ಗೆ ತಪ್ಪು ಅಚ್ಚು ಹಾಕಿತು ಅಂತ ಕೋರ್ಟಿಗೆ ಹೋದ ಮನುಷ್ಯ ಇವನು. ಆಮೇಲೆ ತಾನೇ ಒಂದು ಪತ್ರಿಕೆ ನಡೆಸಿ, ಅದಕ್ಕಿಂತ ಸಾವಿರ ಪಟ್ಟು ಕೆಟ್ಟ ಸುಳ್ಳುಗಳನ್ನು ಹಂಚಿದವನೂ ಇವನೇ. ಕಾರು ಪ್ರಿಯರು ಬರೆಯುವ ಲೇಖನಗಳಲ್ಲಿ ಈ ಭಾಗ ಸಾಮಾನ್ಯವಾಗಿ ಇರೋದೇ ಇಲ್ಲ.

ಫೋರ್ಡ್ ಹುಟ್ಟಿದ್ದು 1863ರ ಜುಲೈ 30ರಂದು, ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡಿಯರ್‌ಬಾರ್ನ್ ಹತ್ತಿರದ ಒಂದು ಹೊಲಮನೆಯಲ್ಲಿ. ಅಪ್ಪ ವಿಲಿಯಂ ಐರ್ಲೆಂಡಿನಿಂದ ವಲಸೆ ಬಂದವನು. ಹೆನ್ರಿಗೆ ಹನ್ನೆರಡು ವರ್ಷ ಇದ್ದಾಗ ಅಮ್ಮ ತೀರಿಕೊಂಡಳು. ಅದೇ ವರ್ಷ, 1876ರಲ್ಲಿ, ಕುದುರೆ ಇಲ್ಲದೆ ತನ್ನಷ್ಟಕ್ಕೆ ತಾನೇ ರಸ್ತೆಯಲ್ಲಿ ಹೋಗುತ್ತಿದ್ದ ಸ್ಟೀಮ್ ಎಂಜಿನ್ ಒಂದನ್ನು ನೋಡಿದ. ಹೊಲದ ಕೆಲಸ ಅವನಿಗೆ ಹಿಡಿಸಲೇ ಇಲ್ಲ. 1879ರಲ್ಲಿ ಡೆಟ್ರಾಯಿಟ್‌ಗೆ ಹೋಗಿ ಮೆಷಿನ್ ಶಾಪಿನಲ್ಲಿ ಅಪ್ರೆಂಟಿಸ್ ಆದ. ರಾತ್ರಿ ಹೊತ್ತು ಗಡಿಯಾರ ರಿಪೇರಿ ಮಾಡಿ ಖರ್ಚು ನೀಗಿಸುತ್ತಿದ್ದ. 1888ರಲ್ಲಿ ಕ್ಲಾರಾಳನ್ನು ಮದುವೆಯಾದ. 1891ರಲ್ಲಿ ಡೆಟ್ರಾಯಿಟ್‌ನ ಎಡಿಸನ್ ಇಲ್ಯುಮಿನೇಟಿಂಗ್ ಕಂಪನಿ ಸೇರಿ ಎರಡೇ ವರ್ಷದಲ್ಲಿ ಅಲ್ಲಿನ ಚೀಫ್ ಎಂಜಿನಿಯರ್ ಆದ. ಡಿಗ್ರಿ ಗಿಗ್ರಿ ಏನೂ ಇರಲಿಲ್ಲ. (ಇದನ್ನು ಮನೆಯಲ್ಲಿ ತೋರಿಸಿ ಕ್ಲಾಸಿಗೆ ಚಕ್ಕರ್ ಹಾಕಬೇಡಿ.)

1896ರ ಜೂನ್ 4ರ ಬೆಳಗಿನ ಜಾವ ಬ್ಯಾಗ್ಲಿ ಅವೆನ್ಯೂ ಮನೆಯ ಹಿಂದಿನ ಶೆಡ್ಡಿನಲ್ಲಿ ಅವನ ಮೊದಲ ಗಾಡಿ ರೆಡಿ ಆಯ್ತು. ನಾಲ್ಕು ಸೈಕಲ್ ಚಕ್ರ, ಎರಡು ಸಿಲಿಂಡರಿನ ಎಂಜಿನ್. ಹೆಸರು ಕ್ವಾಡ್ರಿಸೈಕಲ್. ಗಾಡಿ ಹೊರಗೆ ತರಬೇಕು ಅಂದಾಗ ಗೊತ್ತಾಯ್ತು, ಶೆಡ್ಡಿನ ಬಾಗಿಲು ಅದಕ್ಕಿಂತ ಕಿರಿದು. ಕೊಡಲಿ ತಗೊಂಡು ಇಟ್ಟಿಗೆ ಗೋಡೆಯನ್ನೇ ಒಡೆದ. ಡೈಮೆನ್ಷನ್ ನೋಡದೆ ಪ್ರಾಜೆಕ್ಟ್ ಶುರು ಮಾಡುವ ನಮ್ಮಂಥವರಿಗೆ ಇದು ಬಹಳ ಧೈರ್ಯ ಕೊಡುವ ಘಟನೆ.

ಆದರೆ ಇದು ಜಗತ್ತಿನ ಮೊದಲ ಕಾರಾಗಿರಲಿಲ್ಲ. ಜರ್ಮನಿಯ ಕಾರ್ಲ್ ಬೆನ್ಜ್ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿಯಲ್ಲಿ, ಹತ್ತು ವರ್ಷ ಮುಂಚೆ. ಅಮೆರಿಕದ ಮೊದಲ ಕಾರೂ ಅಲ್ಲ. ಡ್ಯೂರಿಯೇ ಸಹೋದರರ ಗಾಡಿ 1893ರಲ್ಲೇ ಮ್ಯಾಸಚೂಸೆಟ್ಸ್‌ನ ರಸ್ತೆಗಿಳಿದಿತ್ತು. ಹೋಗಲಿ ಬಿಡಿ, ಡೆಟ್ರಾಯಿಟ್ ಊರಿಗಾದರೂ ಮೊದಲನೆಯದೇ ಅಂದ್ರೆ ಅದೂ ಅಲ್ಲ. 1896ರ ಮಾರ್ಚಿನಲ್ಲಿ ಚಾರ್ಲ್ಸ್ ಕಿಂಗ್ ಅನ್ನೋ ಎಂಜಿನಿಯರ್ ಅಲ್ಲಿ ತನ್ನ ಗಾಡಿ ಓಡಿಸಿದ್ದ. ಆ ದಿನ ಅವನ ಹಿಂದೆ ಸೈಕಲ್ ತುಳಿದುಕೊಂಡು ಹೋದವರಲ್ಲಿ ನಮ್ಮ ಫೋರ್ಡ್ ಕೂಡ ಒಬ್ಬ. ಸಿನಿಮಾ ಮಾಡಿದರೆ ಕ್ವಾಡ್ರಿಸೈಕಲ್‌ಗಿಂತ ಈ ಸೈಕಲ್ ಸೀನೇ ಚೆನ್ನಾಗಿರುತ್ತೆ ಅಂತ ನಮಗನಿಸುತ್ತದೆ.

ಕಂಪನಿ ವಿಷಯದಲ್ಲೂ ಹಾಗೇ. 1903ರ ಜೂನ್‌ನಲ್ಲಿ 28,000 ಡಾಲರ್ ನಗದಿನೊಂದಿಗೆ ಶುರುವಾದ ಫೋರ್ಡ್ ಮೋಟರ್ ಕಂಪನಿ ಅವನ ಮೂರನೇ ಪ್ರಯತ್ನ. 1899ರ ಡೆಟ್ರಾಯಿಟ್ ಆಟೊಮೊಬೈಲ್ ಕಂಪನಿ ಎರಡು ವರ್ಷದೊಳಗೆ ಮುಳುಗಿತು. 1901ರ ಅಕ್ಟೋಬರಿನಲ್ಲಿ ಅಲೆಕ್ಸಾಂಡರ್ ವಿಂಟನ್ ಅನ್ನೋ ಹೆಸರಾಂತ ಕಾರು ತಯಾರಕನನ್ನು ರೇಸಿನಲ್ಲಿ ಸೋಲಿಸಿದ ಮೇಲೆ ದುಡ್ಡು ಹಾಕುವವರು ಮತ್ತೆ ಬಂದರು, ಹೆನ್ರಿ ಫೋರ್ಡ್ ಕಂಪನಿ ಹುಟ್ಟಿತು. ಕೆಲವೇ ತಿಂಗಳಲ್ಲಿ ಅವರ ಜೊತೆ ಜಗಳವಾಡಿಕೊಂಡು ಫೋರ್ಡ್ ಹೊರನಡೆದ. ಅವನು ಬಿಟ್ಟುಹೋದ ಆ ಕಂಪನಿ ಹೆನ್ರಿ ಲೆಲ್ಯಾಂಡ್ ಕೈಗೆ ಬಂದು ಕ್ಯಾಡಿಲಾಕ್ ಆಯಿತು. ಕ್ವಿಜ್ ತಂಡದವರು ಇದನ್ನು ಬರೆದಿಟ್ಟುಕೊಳ್ಳಬಹುದು.

ಮಾಡೆಲ್ ಟಿ ಬಂದಿದ್ದು 1908ರ ಅಕ್ಟೋಬರ್ 1ಕ್ಕೆ, ಬೆಲೆ 850 ಡಾಲರ್. ಡಿಸೈನಿನಲ್ಲಿ ಚೈಲ್ಡ್ ಹೆರಾಲ್ಡ್ ವಿಲ್ಸ್, ಹಂಗೇರಿಯಿಂದ ಬಂದ ಜೋಸೆಫ್ ಗಾಲಾಂಬ್ ಮತ್ತು ಯೂಜೀನ್ ಫಾರ್ಕಸ್ ಅವರ ಕೈ ದೊಡ್ಡದು. ಮೊದಮೊದಲು ಕೆಂಪು, ಹಸಿರು, ಬೂದು ಬಣ್ಣಗಳಲ್ಲಿ ಕಾರು ಬರುತ್ತಿತ್ತು. ಕಪ್ಪೊಂದೇ ಅಂತ ಆಗಿದ್ದು 1914ರಿಂದ 1925ರವರೆಗೆ. 1926ರಲ್ಲಿ ಬಣ್ಣಗಳು ವಾಪಸ್ ಬಂದವು. ಕಪ್ಪಿನ ಬಗ್ಗೆ ಅವನದ್ದೆಂದು ಹೇಳುವ ಪ್ರಸಿದ್ಧ ಜೋಕ್ ಇದೆಯಲ್ಲ, ಅದು ಅವನ 1922ರ ಆತ್ಮಕಥೆಯಲ್ಲಿದೆ. ಆ ಮಾತು ಆಡಿದ್ದು 1909ರಲ್ಲಿ ಅಂತ ಅಲ್ಲಿ ಅವನೇ ಹೇಳಿಕೊಂಡಿದ್ದಾನೆ. ಆದರೆ 1909ರಲ್ಲಿ ಅವನ ಫ್ಯಾಕ್ಟರಿಯಿಂದ ಬಣ್ಣಬಣ್ಣದ ಕಾರುಗಳೇ ಹೊರಬರುತ್ತಿದ್ದವು! ಹೀಗಾಗಿ ತಪ್ಪೆಲ್ಲ ಪತ್ರಕರ್ತರದ್ದೇ ಅನ್ನೋ ಹಾಗೂ ಇಲ್ಲ. ಕೆಲವು ತಪ್ಪುಗಳು ಮನುಷ್ಯ ತನ್ನ ಬಗ್ಗೆ ತಾನೇ ಬರೆದುಕೊಂಡಲ್ಲಿಂದಲೇ ಶುರುವಾಗುತ್ತವೆ.

ಅಸೆಂಬ್ಲಿ ಲೈನ್ ವಿಷಯಕ್ಕೆ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಇದು ನಮ್ಮ ಸಿಲಬಸ್ಸಿನಲ್ಲೂ ಬರುತ್ತದೆ. ಕಾರುಗಳನ್ನು ಸಾಲಾಗಿ, ಹಂತಹಂತವಾಗಿ ಜೋಡಿಸುವ ಪದ್ಧತಿಯನ್ನು ರ್‍ಯಾನ್ಸಮ್ ಓಲ್ಡ್ಸ್ 1901ರಲ್ಲೇ ತನ್ನ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಬಳಸಿದ್ದ. ಫೋರ್ಡ್‌ನ ಹೈಲ್ಯಾಂಡ್ ಪಾರ್ಕ್ ಫ್ಯಾಕ್ಟರಿಯಲ್ಲಿ ಹೊಸದಾಗಿ ಆಗಿದ್ದು ಲೈನೇ ಚಲಿಸುವಂತೆ ಮಾಡಿದ್ದು. ಆ ಯೋಚನೆಯೂ ಒಬ್ಬನ ತಲೆಯದ್ದಲ್ಲ. ವಿಲಿಯಂ ಕ್ಲಾನ್ ಅನ್ನೋ ಫೋರ್‌ಮನ್ ಶಿಕಾಗೊದ ಕಸಾಯಿಖಾನೆಗೆ ಹೋಗಿದ್ದ. ಅಲ್ಲಿ ಕೊಕ್ಕೆಗೆ ನೇತುಹಾಕಿದ ಪ್ರಾಣಿ ಮುಂದೆ ಮುಂದೆ ಸಾಗುತ್ತಾ, ನಿಂತಲ್ಲೇ ನಿಂತ ಕೆಲಸಗಾರರು ಒಂದೊಂದೇ ಭಾಗ ಬಿಡಿಸುತ್ತಿದ್ದರು. ಇದನ್ನೇ ಉಲ್ಟಾ ಮಾಡಿದರೆ? 1913ರ ಏಪ್ರಿಲ್‌ನಲ್ಲಿ ಮ್ಯಾಗ್ನೆಟೊ ವಿಭಾಗದಲ್ಲಿ ಪ್ರಯೋಗ ಶುರುವಾಯಿತು. ಒಬ್ಬನೇ ಕೂತು ಒಂದು ಮ್ಯಾಗ್ನೆಟೊ ಜೋಡಿಸಲು ಸುಮಾರು 20 ನಿಮಿಷ ಹಿಡೀತಿತ್ತು. ಕೆಲಸವನ್ನು 29 ಜನರಿಗೆ ಹಂಚಿದಾಗ 13 ನಿಮಿಷಕ್ಕೆ ಇಳಿಯಿತು, ಮುಂದೆ ಎತ್ತರ, ವೇಗ ಎಲ್ಲ ಸರಿಮಾಡಿದ ಮೇಲೆ 5 ನಿಮಿಷಕ್ಕೆ ಬಂತು. ಚಾಸಿಗೆ ಹಗ್ಗ ಕಟ್ಟಿ ಎಳೆದು ನೋಡಿದರು. ಹನ್ನೆರಡೂವರೆ ಗಂಟೆಯ ಕೆಲಸ 1914ರ ಹೊತ್ತಿಗೆ 93 ನಿಮಿಷಕ್ಕೆ ಬಂದು ನಿಂತಿತು. ಕ್ಲಾನ್, ಪೀಟರ್ ಮಾರ್ಟಿನ್, ಚಾರ್ಲ್ಸ್ ಸೊರೆನ್ಸೆನ್, ಕ್ಲಾರೆನ್ಸ್ ಏವರಿ – ಈ ಹೆಸರುಗಳು ಎಷ್ಟು ನೋಟ್ಸಿನಲ್ಲಿವೆ ನೋಡಿ. ಹಾಗಂತ ಫೋರ್ಡ್‌ನ ಪಾಲು ಚಿಕ್ಕದಲ್ಲ. ಫ್ಯಾಕ್ಟರಿ ಅವನದು, ಹೀಗೆ ಪ್ರಯೋಗ ಮಾಡಲು ಬಿಟ್ಟಿದ್ದೂ ಅವನೇ. ಬೆಲೆ ಒಂದು ಹಂತದಲ್ಲಿ 260 ಡಾಲರಿಗೆ ಇಳಿದಿದ್ದು ಇದರಿಂದಲೇ.

ಇಷ್ಟು ವೇಗ ಬಂದ ಮೇಲೆ ಕೆಲಸಗಾರರು ಒಂದೇ ಬೋಲ್ಟನ್ನು ದಿನವಿಡೀ ತಿರುಗಿಸಿ ಬೇಸತ್ತು ಓಡಿಹೋಗತೊಡಗಿದರು. 1913ರಲ್ಲಿ ಕೆಲಸ ಬಿಡುವವರ ಪ್ರಮಾಣ ಶೇಕಡಾ 370. ಅಂದ್ರೆ ಒಂದು ಜಾಗ ತುಂಬಿಸಿಡಲು ವರ್ಷಕ್ಕೆ ಮೂರು ನಾಲ್ಕು ಜನರನ್ನು ಹೊಸದಾಗಿ ಸೇರಿಸಿಕೊಳ್ಳಬೇಕಿತ್ತು. 1914ರ ಜನವರಿ 5ರಂದು ದಿನಕ್ಕೆ 5 ಡಾಲರ್, 8 ಗಂಟೆ ಕೆಲಸ ಅಂತ ಘೋಷಣೆಯಾಯಿತು. ಅದಕ್ಕೂ ಮುಂಚೆ 9 ಗಂಟೆಗೆ 2.34 ಡಾಲರ್ ಇತ್ತು. ಮುಖ್ಯ ಕಾರಣ ಜನ ನಿಲ್ಲಲಿ ಅನ್ನೋದು, ಕಾರು ಕೊಳ್ಳಲಿ ಅನ್ನೋದಲ್ಲ. ಮತ್ತೆ ಆ 5 ಡಾಲರ್ ಪೂರ್ತಿ ಸಂಬಳವೂ ಅಲ್ಲ, ಹೆಚ್ಚಾದ ಭಾಗ ಲಾಭದ ಪಾಲು. ಅದು ಸಿಗಬೇಕಾದರೆ ಕಂಪನಿಯ ಸೋಷಿಯಾಲಜಿಕಲ್ ಡಿಪಾರ್ಟ್‌ಮೆಂಟಿನವರು ಮನೆಗೆ ಬಂದು ನೋಡುತ್ತಿದ್ದರು: ಮನೆ ಚೊಕ್ಕಟವಾಗಿದೆಯೇ, ಕುಡಿಯುತ್ತಾರೆಯೇ, ಉಳಿತಾಯ ಮಾಡುತ್ತಾರೆಯೇ ಅಂತ. ಹಾಸ್ಟೆಲ್ ವಾರ್ಡನ್ ರೂಮ್ ಚೆಕ್ಕಿಂಗ್ ನೆನಪಾಯ್ತಲ್ವಾ? ಶುರುವಿನಲ್ಲಿ ಹೆಂಗಸರಿಗೆ ಈ ಪಾಲೇ ಇರಲಿಲ್ಲ. ಘೋಷಣೆ ಕೇಳಿ ಚಳಿಯಲ್ಲಿ ಗೇಟಿನ ಮುಂದೆ ನೆರೆದ ಜನರ ಮೇಲೆ ಬೆಂಕಿ ನಂದಿಸುವ ಪೈಪಿನಿಂದ ನೀರು ಹಾಯಿಸಿ ಚದುರಿಸಲಾಯಿತು. ಡೆಟ್ರಾಯಿಟ್‌ನ ಜನವರಿ ಚಳಿ ಅದು.

ಈ ಹೊತ್ತಿಗೆ ಫೋರ್ಡ್ ಪತ್ರಿಕೆಗಳ ಹೀರೋ. ಆದರೆ 1916ರ ಜೂನ್‌ನಲ್ಲಿ ಶಿಕಾಗೊ ಟ್ರಿಬ್ಯೂನ್ ಒಂದು ಸುದ್ದಿ ಹಾಕಿತು. ಮೆಕ್ಸಿಕೊ ಗಡಿಗೆ ನ್ಯಾಷನಲ್ ಗಾರ್ಡ್ ಪಡೆಯನ್ನು ಕರೆಸಿಕೊಂಡ ಸಮಯ. ಆ ಕರೆಗೆ ಓಗೊಟ್ಟು ಹೋಗುವ ಫೋರ್ಡ್ ಕೆಲಸಗಾರರು ನೌಕರಿ ಕಳೆದುಕೊಳ್ಳುತ್ತಾರೆ ಅನ್ನೋದು ಸುದ್ದಿ. ಮರುದಿನವೇ ಸಂಪಾದಕೀಯ ಬಂತು: ಫೋರ್ಡ್ ಒಬ್ಬ ಅರಾಜಕತಾವಾದಿ ಅಂತ. ಸುದ್ದಿ ತಪ್ಪಾಗಿತ್ತು. ಗಡಿಗೆ ಹೋದವರ ಕೆಲಸ ಹೋಗಿರಲಿಲ್ಲ. ಫೋರ್ಡ್ 10 ಲಕ್ಷ ಡಾಲರಿನ ಮಾನನಷ್ಟ ಮೊಕದ್ದಮೆ ಹೂಡಿದ.

ವಿಚಾರಣೆ ನಡೆದದ್ದು 1919ರ ಬೇಸಿಗೆಯಲ್ಲಿ, ಮಿಶಿಗನ್‌ನ ಮೌಂಟ್ ಕ್ಲೆಮೆನ್ಸ್ ಅನ್ನೋ ಸಣ್ಣ ಊರಿನಲ್ಲಿ, ಹದಿನಾಲ್ಕು ವಾರ. ಕೇಸು ಇದ್ದದ್ದು ಒಂದು ಸುದ್ದಿ ಸರಿಯೋ ತಪ್ಪೋ ಅನ್ನೋದರ ಮೇಲೆ. ನಡೆದದ್ದು ಬೇರೆಯೇ. ಟ್ರಿಬ್ಯೂನ್ ವಕೀಲರು ಫೋರ್ಡ್‌ನನ್ನು ಕಟಕಟೆಯಲ್ಲಿ ನಿಲ್ಲಿಸಿ ದಿನಗಟ್ಟಲೆ ಪಾಟಿ ಸವಾಲು ಮಾಡಿದರು. ಪ್ರಶ್ನೆಗಳು ಕಾರಿನ ಬಗ್ಗೆ ಅಲ್ಲ, ಕಂಪನಿ ಬಗ್ಗೆ ಅಲ್ಲ, ಅಮೆರಿಕದ ಇತಿಹಾಸದ ಬಗ್ಗೆ. ಅಮೆರಿಕನ್ ಕ್ರಾಂತಿ ಯಾವಾಗ ನಡೆಯಿತು ಅಂದರೆ 1812ರ ಇಸವಿ ಹೇಳಿದ. ದೇಶದ್ರೋಹಿ ಬೆನೆಡಿಕ್ಟ್ ಆರ್ನಾಲ್ಡ್ ಯಾರು ಅಂದರೆ ಲೇಖಕ ಅಂದ. ಕೊಟ್ಟದ್ದನ್ನು ಗಟ್ಟಿಯಾಗಿ ಓದಿ ಅಂದಾಗ ಕನ್ನಡಕ ಮರೆತು ಬಂದಿದ್ದೇನೆ ಎಂಬಂಥ ನೆಪ ಹೇಳಿ ಜಾರಿಕೊಂಡ. ದೇಶದ ಪತ್ರಿಕೆಗಳೆಲ್ಲ ನಕ್ಕವು. ಎಕ್ಸ್‌ಟರ್ನಲ್ ವೈವಾದಲ್ಲಿ ಸಿಲಬಸ್ ಬಿಟ್ಟು ಪ್ರಶ್ನೆ ಬಂದಾಗಿನ ಮುಖ ನಮಗೆಲ್ಲ ಗೊತ್ತು. ಅದನ್ನು ಇಡೀ ದೇಶದ ಮುಂದೆ ಊಹಿಸಿಕೊಳ್ಳಿ.

ಆಗಸ್ಟ್ 14ರಂದು, ಬಹುಪಾಲು ರೈತರೇ ಇದ್ದ ಜ್ಯೂರಿ ತೀರ್ಪು ಕೊಟ್ಟಿತು. ಟ್ರಿಬ್ಯೂನ್ ತಪ್ಪಿತಸ್ಥ. ಪರಿಹಾರ, ಆರು ಸೆಂಟು.

ನಗು ಬರುತ್ತೆ ನಿಜ. ಆದರೆ ಈ ತೀರ್ಪನ್ನು ಎರಡು ಕಡೆಯಿಂದ ನೋಡಬೇಕು. ಪತ್ರಿಕೆ ಅಚ್ಚು ಹಾಕಿದ್ದು ತಪ್ಪು ಅಂತ ಕಾನೂನು ಒಪ್ಪಿತು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಆ ತಪ್ಪೂ ಅಲ್ಲ, ಅದರ ತಿದ್ದುಪಡಿಯೂ ಅಲ್ಲ, ಇತಿಹಾಸ ಗೊತ್ತಿಲ್ಲದ ಶ್ರೀಮಂತ ಅನ್ನೋ ಚಿತ್ರ. ಹಳ್ಳಿಯ ಜನ ಮಾತ್ರ ಅವನ ಪರ ನಿಂತರು, ತಮಗೂ ಆ ಇಸವಿ ನೆನಪಿಲ್ಲವಲ್ಲ ಅಂತ. ಫೋರ್ಡ್‌ಗೆ ಈ ಅವಮಾನ ಆಳವಾಗಿ ನಾಟಿತು. ಮತ್ತೆ ಕಟಕಟೆ ಹತ್ತುವುದು ಅಂದ್ರೆ ಅವನಿಗಾಗುತ್ತಿರಲಿಲ್ಲ. ಇದು ಮುಂದೆ ಬೇಕಾಗುತ್ತದೆ.

ಪತ್ರಿಕೆಗಳು ತನಗೆ ನ್ಯಾಯ ಕೊಡುವುದಿಲ್ಲ ಅಂತ ತೀರ್ಮಾನಿಸಿ 1918ರ ಕೊನೆಗೇ ಅವನು ಡಿಯರ್‌ಬಾರ್ನ್ ಇಂಡಿಪೆಂಡೆಂಟ್ ಅನ್ನೋ ಊರ ಪತ್ರಿಕೆಯನ್ನು ಕೊಂಡುಕೊಂಡಿದ್ದ. ಎಡ್ವಿನ್ ಪಿಪ್ ಅನ್ನೋ ಅನುಭವಿ ಪತ್ರಕರ್ತನನ್ನು ಸಂಪಾದಕನನ್ನಾಗಿ ಮಾಡಿದ. 1920ರಲ್ಲಿ ಯಹೂದಿಗಳ ವಿರುದ್ಧ ಲೇಖನಮಾಲೆ ಬರಲಿದೆ ಅಂತ ಗೊತ್ತಾದಾಗ ಪಿಪ್ ರಾಜೀನಾಮೆ ಕೊಟ್ಟು ಹೊರನಡೆದ. ಆಮೇಲೆ ತನ್ನದೇ ಪುಟ್ಟ ವಾರಪತ್ರಿಕೆ ತೆಗೆದು ಫೋರ್ಡ್ ವಿರುದ್ಧ ಬರೆದ. ಈ ಇಡೀ ಕಥೆಯಲ್ಲಿ ನಮಗೆ ತುಂಬ ಇಷ್ಟವಾದ ಮನುಷ್ಯ ಅವನೇ.

1920ರ ಮೇ 22ರಂದು ಮೊದಲ ಲೇಖನ ಬಂತು. 91 ವಾರ ಬಿಡದೆ ನಡೆಯಿತು. ಜಗತ್ತಿನ ಯುದ್ಧ, ಬ್ಯಾಂಕು, ಸಿನಿಮಾ, ಎಲ್ಲ ಕೆಡುಕಿಗೂ ಯಹೂದಿಗಳೇ ಕಾರಣ ಅನ್ನೋ ಸುಳ್ಳಿನ ಮಾಲೆ ಅದು. ಅದಕ್ಕೆ ಆಧಾರವಾಗಿ ಬಳಸಿದ್ದು ಪ್ರೋಟೊಕಾಲ್ಸ್ ಅನ್ನೋ ದಾಖಲೆ. 1921ರ ಆಗಸ್ಟ್‌ನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯ ಫಿಲಿಪ್ ಗ್ರೇವ್ಸ್ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ, ಈ ದಾಖಲೆ 1864ರ ಒಂದು ಫ್ರೆಂಚ್ ರಾಜಕೀಯ ವಿಡಂಬನೆಯಿಂದ ಕದ್ದು ಹೊಸೆದದ್ದು ಅಂತ. ಆ ಮೂಲ ಪುಸ್ತಕದಲ್ಲಿ ಯಹೂದಿಗಳ ಮಾತೇ ಇರಲಿಲ್ಲ. ಫ್ಯಾಕ್ಟ್ ಚೆಕ್ ಅಂದ್ರೆ ಇದು. ಆದರೆ ಫೋರ್ಡ್‌ನ ಪತ್ರಿಕೆ ತಿದ್ದಿಕೊಳ್ಳಲಿಲ್ಲ. ಪತ್ರಿಕೆ ಹಂಚಿದ್ದು ಹೇಗೆ ಗೊತ್ತಾ? ಕಾರು ಡೀಲರುಗಳ ಮೂಲಕ. ಇಷ್ಟು ಚಂದಾದಾರರನ್ನು ಮಾಡಿಸಬೇಕು ಅಂತ ಅವರಿಗೆ ಟಾರ್ಗೆಟ್. ಮಾಡೆಲ್ ಟಿ ತಲುಪಿದ ಊರಿಗೆಲ್ಲ ಅದೂ ತಲುಪಿತು.

ಆಮೇಲೆ ಪತ್ರಿಕೆ ಆರನ್ ಸಪೈರೊ ಅನ್ನೋ ವಕೀಲನ ಮೇಲೆ ಬಿತ್ತು. ಅವನು ರೈತರ ಸಹಕಾರ ಸಂಘಗಳನ್ನು ಕಟ್ಟುತ್ತಿದ್ದವನು, ಯಹೂದಿ. ಅವನೂ 10 ಲಕ್ಷ ಡಾಲರಿಗೆ ಕೇಸು ಹಾಕಿದ. ಈಗ ಫೋರ್ಡ್ ಇದ್ದದ್ದು ಟ್ರಿಬ್ಯೂನ್ ನಿಂತಿದ್ದ ಜಾಗದಲ್ಲಿ. 1927ರ ಮಾರ್ಚಿನಲ್ಲಿ ವಿಚಾರಣೆ ಶುರುವಾದಾಗ ಸಂಪಾದಕ ವಿಲಿಯಂ ಕ್ಯಾಮರಾನ್ ಎಲ್ಲ ಹೊಣೆ ತನ್ನ ಮೇಲೆ ಹಾಕಿಕೊಂಡ, ಮಾಲೀಕರಿಗೆ ಏನೂ ಗೊತ್ತಿಲ್ಲ ಅಂದ. ಫೋರ್ಡ್ ಸಾಕ್ಷಿ ಹೇಳುವ ದಿನ ಹತ್ತಿರ ಬಂದಾಗ ಅವನ ಕಾರು ರಸ್ತೆಯಿಂದ ಕೆಳಗೆ ಉರುಳಿ ಅವನು ಆಸ್ಪತ್ರೆ ಸೇರಿದ. ಅಷ್ಟರಲ್ಲಿ ಜ್ಯೂರಿಯ ಸದಸ್ಯೆಯೊಬ್ಬಳ ಮಾತು ಪತ್ರಿಕೆಯಲ್ಲಿ ಅಚ್ಚಾಗಿ ವಿಚಾರಣೆಯೇ ರದ್ದಾಯಿತು. ಮೌಂಟ್ ಕ್ಲೆಮೆನ್ಸ್ ಕಟಕಟೆಯನ್ನು ಅವನು ಮರೆತಿರಲಿಲ್ಲ. ಎರಡನೇ ವಿಚಾರಣೆಗೆ ಕಾಯದೆ, ಜುಲೈನಲ್ಲಿ ಕ್ಷಮಾಪಣೆ ಹೊರಬಂತು.

ಆ ಕ್ಷಮಾಪಣೆ ಬರೆದದ್ದು ಫೋರ್ಡ್ ಅಲ್ಲ, ಯಹೂದಿ ಸಮುದಾಯದ ನಾಯಕ, ವಕೀಲ ಲೂಯಿಸ್ ಮಾರ್ಷಲ್. ತನ್ನ ಪತ್ರಿಕೆಯಲ್ಲಿ ಏನು ಬರುತ್ತಿತ್ತು ಅಂತ ಕೆಲಸದ ಗಡಿಬಿಡಿಯಲ್ಲಿ ತಾನು ನೋಡಿರಲಿಲ್ಲ ಅನ್ನೋದು ಅದರ ಸಾರ. ಫೋರ್ಡ್ ಅದರಲ್ಲಿ ಒಂದಕ್ಷರ ಬದಲಿಸಲಿಲ್ಲ. ಸಹಿಯನ್ನೂ ತಾನೇ ಹಾಕಿದ್ದು ಅಂತ ಅವನ ಬಂಟ ಹ್ಯಾರಿ ಬೆನೆಟ್ ಆಮೇಲೆ ಬರೆದುಕೊಂಡಿದ್ದಾನೆ. ಮಾಡೆಲ್ ಟಿ ನಿಂತು ಹೊಸ ಮಾಡೆಲ್ ಎ ಬರಬೇಕಿದ್ದ ವರ್ಷ ಅದು. ಮಾರಾಟ ಕೆಡಬಾರದು ಅಂತ ಈ ಕ್ಷಮೆ ಅಂದವರೂ ಇದ್ದರು. ವರ್ಷದ ಕೊನೆಗೆ ಪತ್ರಿಕೆ ಮುಚ್ಚಿತು. ಕ್ಯಾಮರಾನ್ ಮಾತ್ರ ಫೋರ್ಡ್ ಬಳಿಯೇ ಉಳಿದ.

ಕಾರಿನಲ್ಲಿ ದೋಷ ಸಿಕ್ಕರೆ ರೀಕಾಲ್ ಮಾಡಬಹುದು. ಚಾಸಿ ನಂಬರ್ ಇರುತ್ತದೆ, ಯಾವ ಬ್ಯಾಚು, ಯಾವ ಡೀಲರ್, ಯಾರು ಕೊಂಡರು ಅಂತ ಹುಡುಕಬಹುದು. ಅಚ್ಚಾದ ಸುಳ್ಳಿಗೆ ಚಾಸಿ ನಂಬರ್ ಇಲ್ಲ. ಆ ಲೇಖನಗಳು ಅಷ್ಟು ಹೊತ್ತಿಗೆ ನಾಲ್ಕು ಸಂಪುಟಗಳ ಪುಸ್ತಕವಾಗಿ ಬೇರೆ ಭಾಷೆಗಳಿಗೆ ಹೋಗಿದ್ದವು. ಜರ್ಮನಿಯಲ್ಲಿ ಥಿಯೊಡೋರ್ ಫ್ರಿಟ್ಷ್ ಅನ್ನೋ ಪ್ರಕಾಶಕ ಕ್ಷಮಾಪಣೆ ಬಂದ ಮೇಲೂ ಪುಸ್ತಕ ನಿಲ್ಲಿಸಲಿಲ್ಲ. 1946ರಲ್ಲಿ ನ್ಯೂರೆಂಬರ್ಗ್ ವಿಚಾರಣೆಯಲ್ಲಿ, ಹಿಟ್ಲರನ ಯುವಪಡೆಯ ಮುಖ್ಯಸ್ಥನಾಗಿದ್ದ ಬಾಲ್ಡುರ್ ಫಾನ್ ಶಿರಾಕ್, ಹುಡುಗನಾಗಿದ್ದಾಗ ತನ್ನಲ್ಲಿ ಯಹೂದಿ ದ್ವೇಷ ಹುಟ್ಟಿಸಿದ್ದು ಫೋರ್ಡ್ ಹೆಸರಿನ ಆ ಪುಸ್ತಕ ಅಂತ ಹೇಳಿಕೆ ಕೊಟ್ಟ. ಅದನ್ನು ಓದಿದಾಗ ಅವನಿಗೆ ಹೆಚ್ಚುಕಮ್ಮಿ ನಮ್ಮದೇ ವಯಸ್ಸು. 1938ರಲ್ಲಿ, ಫೋರ್ಡ್‌ನ 75ನೇ ಹುಟ್ಟುಹಬ್ಬದಂದು, ನಾಜಿ ಸರ್ಕಾರ ಅವನಿಗೆ ಪದಕ ಕೊಟ್ಟಿತು. ಫೋರ್ಡ್ ಅದನ್ನು ತಗೊಂಡ, ಟೀಕೆ ಬಂದರೂ ವಾಪಸ್ ಮಾಡಲಿಲ್ಲ.

ಇನ್ನು ಕೊನೆಯ ವರ್ಷಗಳು. 1937ರ ಮೇ 26ರಂದು ರೂಜ್ ಫ್ಯಾಕ್ಟರಿ ಹತ್ತಿರದ ಮೇಲ್ಸೇತುವೆಯಲ್ಲಿ ಕರಪತ್ರ ಹಂಚಲು ಬಂದ ಯೂನಿಯನ್ ಮುಖಂಡರನ್ನು ಬೆನೆಟ್‌ನ ಆಳುಗಳು ಹೊಡೆದರು. ಡೆಟ್ರಾಯಿಟ್ ನ್ಯೂಸ್ ಫೋಟೊಗ್ರಾಫರ್ ಕಿಲ್‌ಪ್ಯಾಟ್ರಿಕ್‌ನ ಪ್ಲೇಟುಗಳನ್ನೂ ಕಿತ್ತುಕೊಳ್ಳಲು ಬಂದರು. ಅವನು ಅಸಲಿ ಪ್ಲೇಟುಗಳನ್ನು ಕಾರಿನ ಹಿಂದಿನ ಸೀಟಿನ ಕೆಳಗೆ ಬಚ್ಚಿಟ್ಟು ಕೆಲಸಕ್ಕೆ ಬಾರದ್ದನ್ನು ಕೊಟ್ಟು ಕಳಿಸಿದ. ಮರುದಿನದಿಂದ ಆ ಚಿತ್ರಗಳು ದೇಶವಿಡೀ ಅಚ್ಚಾದವು, ನಾವೇನೂ ಮಾಡಿಲ್ಲ ಅನ್ನೋ ಕಂಪನಿಯ ಮಾತು ಬಿದ್ದುಹೋಯಿತು. 1941ರಲ್ಲಿ ಫೋರ್ಡ್ ಯೂನಿಯನ್ ಜೊತೆ ಒಪ್ಪಂದಕ್ಕೆ ಬರಲೇಬೇಕಾಯಿತು. ಈ ಮೇ 26 ಅವನಿಗೆ ಆಗಿಬರದ ದಿನ. 1927ರಲ್ಲಿ ಒಂದೂವರೆ ಕೋಟಿಯ ಮಾಡೆಲ್ ಟಿ ಹೊರಬಂದು ಆ ಕಾರಿನ ಕಾಲ ಮುಗಿದದ್ದೂ ಅದೇ ದಿನ, 1943ರಲ್ಲಿ ಒಬ್ಬನೇ ಮಗ ಎಡ್ಸೆಲ್ ತೀರಿಕೊಂಡದ್ದೂ ಅದೇ ದಿನ.

1947ರ ಏಪ್ರಿಲ್‌ನಲ್ಲಿ ರೂಜ್ ನದಿಗೆ ನೆರೆ ಬಂತು. ಡಿಯರ್‌ಬಾರ್ನ್‌ನ ಅವನ ಮನೆಗೆ ಸ್ವಂತ ವಿದ್ಯುತ್ ಘಟಕ ಇತ್ತು, ನೀರು ನುಗ್ಗಿ ಅದು ನಿಂತಿತು. ಒಂದು ಕಾಲದಲ್ಲಿ ಡೆಟ್ರಾಯಿಟ್‌ಗೆ ಕರೆಂಟು ಕೊಡುವ ಕಂಪನಿಯ ಚೀಫ್ ಎಂಜಿನಿಯರ್ ಆಗಿದ್ದವನು 7ನೇ ತಾರೀಖು ರಾತ್ರಿ, ಮೇಣದಬತ್ತಿ ಮತ್ತು ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ತೀರಿಕೊಂಡ. ಆಗ ಅವನಿಗೆ 83 ವರ್ಷ.